ನೀರು ಕುದಿಸಿ ಎಂದು ಸಾರಿದ ಕೆರಾಮತ್ ಮಿಯಾ

ಕುಮೀರ್‌ಹಾಟ್ ಪೇಟೆಯಲ್ಲಿ ಯಾರೇ ಸತ್ತರೂ ಎರಡು ಸಲ ಸಾಯುತ್ತಿದ್ದರು. ಮೊದಲನೆಯದು ಅವರವರ ಮನೆಯಲ್ಲಿ, ಅವರವರ ಅನುಕೂಲಕ್ಕೆ ತಕ್ಕಂತೆ. ಎರಡನೆಯದು ಕೆರಾಮತ್ ಮಿಯಾನ ಬಾಯಲ್ಲಿ. ಊರಿನ ಮಟ್ಟಿಗೆ ಲೆಕ್ಕಕ್ಕೆ ಬರುತ್ತಿದ್ದದ್ದು ಈ ಎರಡನೆಯ ಸಾವೇ.

ಗೇದು ಮಿಯಾನ ಸೈಕಲ್ ರಿಕ್ಷಾಕ್ಕೆ ಕಟ್ಟಿದ ಮೈಕಿನಿಂದ “ಒಂದು ಶೋಕವಾರ್ತೆ... ಒಂದು ಶೋಕವಾರ್ತೆ...” ಎಂದು ಅವನ ಕೊರಳು ಎದ್ದಿತೆಂದರೆ ಮೀನು ತೂಗುವವನ ತಕ್ಕಡಿ ನಡುಗಾಳಿಯಲ್ಲಿ ನಿಂತುಬಿಡುತ್ತಿತ್ತು; ಕೊಳ್ಳುವವನು ಮುಳ್ಳು ನೋಡುವುದನ್ನು ಮರೆಯುತ್ತಿದ್ದ. ಬದುಕಿದ್ದಾಗ ಹೆಂಡತಿ ಮಕ್ಕಳಿಗೇ ಬೇಡವಾಗಿದ್ದ ಮರದ ಅಡ್ಡೆಯ ಮಾಲೀಕನೊಬ್ಬ ಕೆರಾಮತ್ ಮಿಯಾನ ಬಾಯಿಂದ ಹೊರಟಾಗ ಊರಿಗೆ ಊರೇ ಬಿಕ್ಕಿಬಿಕ್ಕಿ ಅತ್ತು, ಮಾರನೆಯ ದಿನ “ಅಲ್ಲ, ನಾವ್ಯಾಕೆ ಅತ್ವಿ?” ಎಂದು ಒಬ್ಬರನ್ನೊಬ್ಬರು ಕೇಳಿಕೊಂಡಿತ್ತು.

ಈ ಕೊರಳು ಅವನಿಗೆ ಪಿತ್ರಾರ್ಜಿತ. ಅವನಪ್ಪ ಸಂಜೆ ಹೊತ್ತು ಅಂಗಳಗಳಲ್ಲಿ ಚಾಪೆ ಹಾಸಿ ಪುಥಿ ಎಂಬ ಹಳೆಯ ಪದ್ಯಕಥೆಗಳನ್ನು ಓದುತ್ತಿದ್ದವನು. ಕರ್ಬಲಾದ ಮರಳಿನಲ್ಲಿ ಬಾಯಾರಿದ ಕಂದಮ್ಮಗಳ ಪದ್ಯ ಬಂತೆಂದರೆ ಕೇಳುವವರು ಕೈಯಲ್ಲಿದ್ದ ನೀರಿನ ಲೋಟವನ್ನು ನಾಚಿ ಕೆಳಗಿಡುತ್ತಿದ್ದರಂತೆ. ಆ ಧಾಟಿ ಮಗನ ಗಂಟಲಿಗೆ ಇಳಿದದ್ದು ಇಳಿಯಿತು, ಮತ್ತೆ ಮೇಲೆ ಬರಲಿಲ್ಲ. ಅಂಗಡಿಗೆ ಹೋಗಿ “ಒಂದು ಪೊಟ್ಟಣ ಉಪ್ಪು” ಎಂದರೂ ಅಂಗಡಿಯವನು ಉಪ್ಪು ಕೊಟ್ಟು, “ಧೈರ್ಯ ತಂದ್ಕೋ ಚಾಚಾ, ಎಲ್ಲಾ ಅವನಿಚ್ಛೆ” ಎಂದು ಬೆನ್ನು ಸವರಿ ಕಳಿಸುತ್ತಿದ್ದ.

ಕೆರಾಮತ್ ಮಿಯಾನಿಗೆ ಇದು ದೋಷವೆಂದು ಹೊಳೆದಿರಲಿಲ್ಲ. ಭಗವಂತ ಒಬ್ಬರಿಗೆ ಹೊಲ ಕೊಡುತ್ತಾನೆ, ಒಬ್ಬರಿಗೆ ಅಧಿಕಾರ ಕೊಡುತ್ತಾನೆ, ತನಗೆ ಕೊರಳು ಕೊಟ್ಟಿದ್ದಾನೆ ಎಂದೇ ಅವನು ನಂಬಿದ್ದ.

ಆ ವರ್ಷ ನದಿ ಊರೊಳಗೆ ಬಂದು, ನೆಂಟರಂತೆ ನಾಲ್ಕು ದಿನ ಇದ್ದು, ಹೋಗುವಾಗ ಭೇದಿಯನ್ನು ಬಿಟ್ಟುಹೋಯಿತು. ಸರ್ಕಾರಿ ಆಸ್ಪತ್ರೆಯ ಜಗಲಿಯಲ್ಲೂ ಚಾಪೆ ಹಾಸಬೇಕಾಯಿತು. ಕೆರಾಮತ್ ಮಿಯಾನ ಮೊಮ್ಮಗಳು ಟುನಿಯೂ ಅಲ್ಲಿ ಮಲಗಿದ್ದಳು. ಅಜ್ಜ ಪಕ್ಕದಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು ದೀಪಸ್ತಂಭದಂತೆ ನಿಂತಿದ್ದ. ಮಗು ಉಳಿಯಿತು. ಮನೆಗೆ ಕಳಿಸುವ ದಿನ ಹೊಸ ಡಾಕ್ಟರು ನವ್‌ಶೀನ್ ಅವನನ್ನು ಬಳಿಗೆ ಕರೆದರು.

“ಚಾಚಾ, ಮಗು ಹುಷಾರಾಯ್ತು. ಆದ್ರೆ ನೀವಿರೋ ಕೇರಿ ಕಾಲುವೆ ದಡದ್ದು. ಅಲ್ಲಿ ಇನ್ನೊಂದು ಸಲ ಶುರುವಾದ್ರೆ ಈ ಮೈ ತಡೆಯಲ್ಲ.”

“ಏನ್ಮಾಡ್ಬೇಕು ಡಾಕ್ಟರ್ ಆಪಾ? ಹೇಳಿ, ಪ್ರಾಣ ಕೊಡ್ತೀನಿ.”

“ಪ್ರಾಣ ಬೇಡ, ಗಂಟಲು ಸಾಕು. ನಾಳೆ ಕಾಲರಾ ತಡೆಯೋ ಔಷಧಿ ಬರುತ್ತೆ. ಸೂಜಿ ಇಲ್ಲ, ಬಾಯಿಗೆ ಹಾಕೋದು. ಟುನಿಗೆ ಕೊಡ್ತೀನಿ. ಆದ್ರೆ ಅವಳೊಬ್ಬಳಿಗೆ ಕೊಟ್ರೆ ಸಾಲದು. ಸುತ್ತಮುತ್ತ ಎಲ್ರೂ ತಗೊಂಡ್ರೇನೇ ರೋಗಕ್ಕೆ ಕಾಲಿಡೋಕೆ ಜಾಗ ಸಿಗಲ್ಲ. ಜನ ಬರದಿದ್ರೆ ಗುರುವಾರ ಸಂಜೆ ಲಾಂಚಿಗೆ ಪೆಟ್ಟಿಗೆ ವಾಪಸ್ಸು. ಈ ವರ್ಷ ಮತ್ತೆ ಬರಲ್ಲ.”

ಪಕ್ಕದ ಮನೆಯ ಮೊರ್ಜಿನಾಳ ಮಕ್ಕಳೂ ಟುನಿಯೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುವವರು. ಕೆರಾಮತ್ ಮಿಯಾ ಆ ತಟ್ಟೆಯನ್ನು ನೆನೆದ. ಎದೆಯ ಮೇಲೆ ಕೈಯಿಟ್ಟ. “ಆಪಾ, ನನ್ನ ದನಿ ಕೇಳಿ ಮನೇಲಿ ಕೂತೋರು ಈ ಊರಲ್ಲಿ ಇದುವರೆಗೆ ಯಾರೂ ಇಲ್ಲ.”

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎಡವಟ್ಟಾದದ್ದೇ ಅಲ್ಲಿ.

ಮಂಗಳವಾರ ಬೆಳಿಗ್ಗೆ ರಿಕ್ಷಾ ಹೊರಟಿತು. ಡಾಕ್ಟರು ಹೇಳಿಕೊಟ್ಟಿದ್ದು ಮೂರೇ ಮಾತು, ಅವನು ಅದನ್ನು ಅಚ್ಚುಕಟ್ಟಾಗಿ, ಕಣ್ಣು ಮುಚ್ಚಿ, ಪ್ರತಿ ಸಾಲಿನ ಕೊನೆಯನ್ನೂ ನಡುಗಿಸಿ ಬಿಟ್ಟ: “ನೀರನ್ನು ಕುದಿಸಿರೀ... ತಡ ಮಾಡಬೇಡಿರೀ... ಹೆಂಗಸರು ಮಕ್ಕಳು ಎನ್ನದೆ ಎಲ್ಲರೂ ಹೈಸ್ಕೂಲು ಮೈದಾನಕ್ಕೆ ಬನ್ನಿರೀ...”

ಆ ಊರಿನಲ್ಲಿ ಬದುಕಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅಲ್ಲಿ ಯಾರಾದರೂ ತೀರಿಕೊಂಡರೆ ನೆರೆಹೊರೆಯವರು ಮೊದಲು ಮಾಡುವ ಕೆಲಸ, ಮೈ ತೊಳೆಯಲು ಬೋರೆ ಎಲೆ ಹಾಕಿ ನೀರು ಕುದಿಸುವುದು. ಸತ್ತವರಿಗಾಗಿ ಮಾಡುವ ಜನಾಜಾ ನಮಾಜು ನಡೆಯುವುದು ಹೈಸ್ಕೂಲು ಮೈದಾನದಲ್ಲಿ. ಇಂಥ ಕೊರಳು, ಇಂಥ ಮಾತು, ಇಂಥ ಜಾಗ. ಸತ್ತವರ ಹೆಸರೊಂದು ಬಿಟ್ಟು ಬೇರೇನೂ ಬಾಕಿಯಿರಲಿಲ್ಲ.

ಹೆಸರನ್ನು ಊರೇ ಒದಗಿಸಿಕೊಂಡಿತು.

“ಯಾರು ಹೋಗಿದ್ದು ಅಂತ ಹೇಳಲೇ ಇಲ್ವಲ್ಲ?” ಎಂದ ಚಹಾದಂಗಡಿಯ ಮಂತಾಜ್.

“ಹೇಳೋಕೆ ನಾಲಿಗೆ ಬರ್ಲಿಲ್ಲ ಪಾಪ. ದುಃಖ ಅಷ್ಟಿದೆ,” ಎಂದ ದರ್ಜಿ ನಿತಾಯಿ.

“ಹೆಂಗಸರೂ ಬರ್ಲಿ ಅಂದ. ಜನಾಜಾಕ್ಕೆ ಹೆಂಗಸರನ್ನ ಯಾವಾಗ ಕರೀತಾರೆ? ಭಾರೀ ದೊಡ್ಡ ಮನುಷ್ಯನೇ ಇರ್ಬೇಕು.”

“ಈ ಊರಲ್ಲಿ ಭಾರೀ ಅಂದ್ರೆ ಚೇರ್ಮನ್ನರೊಬ್ರೇ. ಮೂರು ದಿನದಿಂದ ಕಂಡಿಲ್ಲ ಬೇರೆ.”

“ಇನ್ನಾಲಿಲ್ಲಾಹಿ!”

ಇಷ್ಟು ಹೊತ್ತಿಗೆ ಸರಿಯಾಗಿ ಗೇದು ಮಿಯಾನ ರಿಕ್ಷಾದ ಚೈನು ಕಳಚಿತು. ಕಳಚಿದ್ದು ಚೇರ್ಮನ್ ಲುತ್ಫರ್ ಮೃಧಾರ ಮನೆಯ ಗೇಟಿನ ಮುಂದೆ. ಗೇದು ಮಿಯಾ ಕೂತು ಚೈನು ಹಾಕಿದ, ಅಷ್ಟೂ ಹೊತ್ತು ಕೆರಾಮತ್ ಮಿಯಾ ಕರ್ತವ್ಯ ಬಿಡದೆ ಅದೇ ಗೇಟಿಗೆ ಮುಖ ಮಾಡಿ “ತಡ ಮಾಡಬೇಡಿರೀ...” ಎಂದು ಹಾಡುತ್ತಿದ್ದ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ಕೋರ್ಟಿಗೂ ಬೇಕಾಗಿರಲಿಲ್ಲ.

ಹೊತ್ತೇರುವುದರೊಳಗೆ ಚೇರ್ಮನ್ನರ ಅಂಗಳ ತುಂಬಿತು. ಬಕೆಟ್ಟು, ಹಂಡೆ, ಕೊಳಗ, ಕೆಟಲು, ಎಲ್ಲದರಲ್ಲೂ ಬೋರೆ ಎಲೆ ತೇಲುವ ಬಿಸಿನೀರು. ಊರಿನ ಬೋರೆ ಮರಗಳೆಲ್ಲ ಒಂದೇ ಬೆಳಿಗ್ಗೆಗೆ ಬೋಳಾಗಿದ್ದವು. ಮಸೀದಿಯಿಂದ ಶವ ಹೊರುವ ಮಂಚ ಬಂತು. ಕಳೆದ ಚುನಾವಣೆಯಲ್ಲಿ ಸೋತ ಮೊಕ್ಲೆಸ್ ತಾಲುಕ್ದಾರರು ಎಲ್ಲರಿಗಿಂತ ಮುಂದೆ ನಿಂತು, ಕೈವಸ್ತ್ರ ಕಣ್ಣಿಗೊತ್ತಿ, ಕೇಳುವವರಿಲ್ಲದಿದ್ದರೂ ಭಾಷಣ ಶುರುಮಾಡಿದ್ದರು. “ಬಂಗಾರದಂಥ ಮನುಷ್ಯ! ಇಂಥ ಚೇರ್ಮನ್ನು ಈ ಊರಿಗೆ ಹಿಂದೆ ಬಂದಿಲ್ಲ, ಮುಂದೆ ಬರಲ್ಲ! ಆ ಜಾಗ ತುಂಬೋ ಯೋಗ್ಯತೆ ಯಾರಿಗಿದೆ? ಆದ್ರೂ... ಯಾರಾದ್ರೂ ತುಂಬ್ಲೇಬೇಕಲ್ಲ!”

ಒಳಗೆ ಚೇರ್ಮನ್ನರು ದವಡೆ ಹಲ್ಲು ಕೀಳಿಸಿಕೊಂಡು ಮಲಗಿದ್ದರು. ಊದಿದ ಕೆನ್ನೆಗೆ ಶಾಖ ಕೊಟ್ಟು, ಗದ್ದದ ಕೆಳಗಿನಿಂದ ನೆತ್ತಿಯ ಮೇಲಕ್ಕೆ ಬಿಳಿ ಬಟ್ಟೆ ಸುತ್ತಿ ಗಂಟು ಹಾಕಿದ್ದರು. ತೀರಿಕೊಂಡವರ ಬಾಯಿ ತೆರೆಯದಿರಲೆಂದು ಕಟ್ಟುವುದೂ ಹಾಗೆಯೇ. ಗದ್ದಲ ಕೇಳಿ ಅವರು ಬಿಳಿ ಪಂಚೆ, ಬಿಳಿ ಬನೀನಿನಲ್ಲಿ ಎದ್ದು ಬಂದು ಜಗಲಿಯಲ್ಲಿ ನಿಂತರು. “ಊಂ? ಊಂ ಊಂ ಊಂ?” ಎಂದರು. ಬಾಯಲ್ಲಿ ಹತ್ತಿಯಿತ್ತು.

ಮಂಚ ಹೊತ್ತವರು ಮಂಚ ಬಿಟ್ಟು ಓಡಿದರು. ಇಬ್ಬರು ಬಾವಿಗೆ ಬೀಳುವುದರಲ್ಲಿದ್ದರು. ಮಂತಾಜನ ಕೆಟಲು ತಾಲುಕ್ದಾರರ ಕಾಲ ಮೇಲೆ ಬಿದ್ದು ಅವರ ಶೋಕಕ್ಕೆ ಆಗಲೇ ಒಂದು ನಿಜವಾದ ಕಾರಣ ಸಿಕ್ಕಿತು. ಅವರು ಕುಂಟುತ್ತ ಕೂಗಿದರು: “ಬದುಕಿದಾರೆ! ಬದುಕೇ ಇದಾರೆ! ನಾನೀಗ ಹೇಳಿದ್ದನ್ನ ಯಾರೂ ಮನಸ್ಸಿಗೆ ಹಚ್ಕೋಬೇಡಿ!”

ಸಂಜೆ ಡಾಕ್ಟರು ನವ್‌ಶೀನ್ ತಲೆ ಹಿಡಿದು ಕೂತಿದ್ದರು. ಮೈದಾನದಲ್ಲಿ ಔಷಧಿಯ ಪೆಟ್ಟಿಗೆ ಐಸಿನೊಳಗೆ ತಣ್ಣಗಿತ್ತು. ಜನಾಜಾ ರದ್ದಾಯಿತೆಂದು ತಿಳಿದು ಜನ ಅರ್ಧ ದಾರಿಯಿಂದಲೇ ಹಿಂತಿರುಗಿದ್ದರು.

“ಚಾಚಾ, ನಾನು ಹೇಳಿದ ಮಾತೇ ಹೇಳಿದಿರಾ?”

“ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ ಆಪಾ.” ಸ್ವಲ್ಪ ತಡೆದು ಸೇರಿಸಿದ: “ನೀರಂತೂ ಎಲ್ರೂ ಕುದಿಸಿದ್ರು.”

ಬುಧವಾರ ಬೆಳಿಗ್ಗೆ ಚೇರ್ಮನ್ನರ ಊತ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. ತಾನು ಸತ್ತಾಗ ಯಾರು ಅತ್ತರು, ಯಾರು ಬರೀ ಕಣ್ಣುಜ್ಜಿದರು ಎಂಬುದನ್ನು ಜಗಲಿಯಿಂದ ಅವರು ಚೆನ್ನಾಗಿಯೇ ನೋಡಿದ್ದರು. ಕೆರಾಮತ್ ಮಿಯಾನ ಕೈಯಿಂದ ಮೈಕು ಕಸಿದುಕೊಂಡರು. “ಕೊಡಿಲ್ಲಿ! ಸಾವು ಸಾರೋ ಬಾಯಲ್ಲಿ ಆರೋಗ್ಯ ಬರುತ್ತೇನಯ್ಯ? ಜನಕ್ಕೆ ಹೇಗೆ ಹೇಳ್ಬೇಕು ಅಂತ ನಾನು ತೋರಿಸ್ತೀನಿ.”

ರಿಕ್ಷಾದ ಮೇಲೆ ನಿಂತು, ತೋಳೆತ್ತಿ, ಪೇಟೆಯ ಬೀದಿಯುದ್ದಕ್ಕೂ ಗುಡುಗಿದರು: “ನನ್ನ ಪ್ರೀತಿಯ ಬಂಧುಗಳೇ! ಈ ಲುತ್ಫರ್ ಮೃಧಾ ಇವತ್ತು ನಿಮಗೆ ಮಾತು ಕೊಡ್ತಾ ಇದ್ದಾನೆ! ಪ್ರತಿಯೊಬ್ಬನಿಗೂ ಔಷಧಿ! ಪ್ರತಿಯೊಂದು ಮಗುವಿಗೂ ಆರೋಗ್ಯ! ರೋಗವನ್ನ ಈ ಮಣ್ಣಿನಿಂದ ಬೇರುಸಹಿತ ಕಿತ್ತೊಗೀತೀನಿ!”

ಜನ ನಿಂತು ಕೇಳಿದರು. ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ ಮನೆಗೆ ಹೋಗಿ ಊಟ ಮಾಡಿ ಮಲಗಿದರು.

ದಾರಿಯಲ್ಲಿ ಬೆರಣಿ ತಟ್ಟುತ್ತಿದ್ದ ಮುದುಕಿಯೊಬ್ಬಳು ಮಾತ್ರ ರಿಕ್ಷಾ ತಡೆದು ಕೇಳಿದಳು. “ಏನಪ್ಪಾ ಲುತ್ಫರ್, ಮತ್ತೆ ವೋಟು ಬಂತಾ?”

“ಇಲ್ಲಮ್ಮಾ, ಔಷಧಿ! ಮೈದಾನದಲ್ಲಿ ಔಷಧಿ ಕೊಡ್ತಿದೀವಿ!”

“ಕೊಡೂವಂತೆ, ಕೊಡೂವಂತೆ. ಮೊದ್ಲು ಹೋದ ವೋಟಲ್ಲಿ ಕೊಡ್ತೀನಂದ ಆ ಸೇತುವೆ ಕೊಡು. ಆ ಸೇತುವೆ ಮೇಲೆ ನಡ್ಕೊಂಡು ಬಂದು ಔಷಧಿ ಕುಡೀತೀನಿ.”

ಮೈದಾನಕ್ಕೆ ಬಂದದ್ದು ಮೇಯುವ ಆಡುಗಳು. ಚೇರ್ಮನ್ನರು ಹಲ್ಲುನೋವು ಮರುಕಳಿಸಿತೆಂದು ಮನೆಗೆ ಹೋದರು. ಮೈಕು ಮತ್ತೆ ಕೆರಾಮತ್ ಮಿಯಾನ ತೊಡೆಯ ಮೇಲೆ ಬಂದು ಕೂತಿತು.

ಅವನ ಹೆಂಡತಿ ಜೊಬೇದಾ ಮಧ್ಯಾಹ್ನದ ತಂಗಳನ್ನ ಬಡಿಸುತ್ತ ಅವನ ಮುಖ ನೋಡಿದಳು. “ಏನ್ರೀ ಟುನಿ ಅಜ್ಜ, ಒಂಚೂರು ಸಂತೋಷವಾಗಿ ಕೂಗಿದ್ರೆ ಗಂಟು ಹೋಗುತ್ತಾ? ನಗ್ತಾ ಹೇಳಿ ನೋಡೋಣ.”

“ನಗ್ತಾನೇ ಇದೀನಲ್ಲೇ.”

“ಇದು ನಗೋದಾ? ನಾನು ಹೊಟ್ಟೇನೋವು ಅನ್ಕೊಂಡೆ. ಕಸಾಯಿ ನೂರ್ ಬಕ್ಷ್ ಕೋಣ ಕಡಿಯೋ ಹಿಂದಿನ ದಿನ ಮೈಕಲ್ಲಿ ಹೇಗೆ ಕೂಗ್ತಾನೆ! ಕೇಳಿದ್ರೆ ಸತ್ತೋರಿಗೂ ಹಸಿವಾಗುತ್ತೆ. ಹಂಗೆ ಕೂಗಿ.”

ಕೆರಾಮತ್ ಮಿಯಾ ಮನೆಯ ಹಿಂದೆ ಬಾಳೆಗಿಡಗಳಿಗೆ ಮುಖ ಮಾಡಿ ಅಭ್ಯಾಸ ಮಾಡಿದ. ಟುನಿ ಕೇಳಿ ಕೇಕೆ ಹಾಕಿ ನಕ್ಕಳು. ಮಗು ನಕ್ಕಿತೆಂದರೆ ಊರೂ ನಗುತ್ತದೆ ಎಂದು ಅವನಿಗೆ ಧೈರ್ಯ ಬಂತು. ಸ್ವಲ್ಪ ಹೊತ್ತಿಗೆಲ್ಲ ರಿಕ್ಷಾ ಪೇಟೆಯಲ್ಲಿ ಹಾರುತ್ತಿತ್ತು:

“ಬನ್ನಿ ಬನ್ನಿ ಬನ್ನಿ! ಹೈಸ್ಕೂಲು ಮೈದಾನ! ತಾಜಾ ಮಾಲು, ಐಸಲ್ಲಿಟ್ಟ ಮಾಲು! ತಲೆಗೊಂದು, ಮಕ್ಕಳಿಗೂ ಒಂದು! ಪೈಸೆ ಬೇಡ, ಬಿಟ್ಟಿ! ತಡ ಮಾಡಿದೋರಿಗೆ ಖಾಲಿ! ಬನ್ನಿ ಬನ್ನಿ ಬನ್ನಿ!”

ಔಷಧಿ ಎಂಬ ಮಾತನ್ನೂ ಅವನು ನಡುನಡುವೆ ಹೇಳಿದ್ದುಂಟು. ಆದರೆ ಆ ಧಾಟಿ ಕಿವಿಗೆ ಬಿದ್ದ ಮೇಲೆ ಕುಮೀರ್‌ಹಾಟಿನವರು ಮಾತು ಕೇಳಿದ್ದು ಮೂಗಿನಿಂದ. ಮಸಾಲೆಯ ಘಮ ಆಗಲೇ ಬಂದುಬಿಟ್ಟಿತ್ತು.

ಮೈದಾನ ತುಂಬಿತು. ಡಾಕ್ಟರು ನವ್‌ಶೀನ್ ಅವರ ಕಣ್ಣುಗಳಲ್ಲಿ ನೀರು ತುಂಬಿಕೊಂಡಿತು. ದೂರದಿಂದ ನೋಡಿದವರಿಗೆ ಎಂಥ ಜಾಗೃತ ಜನ! ಹತ್ತಿರ ಬಂದಾಗ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚೀಲವೋ ಪಾತ್ರೆಯೋ ಕಂಡಿತು.

“ಕೋಣ ಎಲ್ಲಿ?” ಎಂದ ಮೊದಲು ನಿಂತಿದ್ದ ದೋಣಿಯವನು.

“ಯಾವ ಕೋಣ?”

“ಕಡಿದಾಗಿದೆಯಾ? ನಂಗೆ ತೊಡೆ ಕಡೇದು ಕೊಡಿ ಆಪಾ. ಮನೇಲಿ ಹಲ್ಲಿಲ್ಲದ ಮುದುಕರಿದಾರೆ.”

ಡಾಕ್ಟರು ಕಿರುಬೆರಳಿನಷ್ಟು ಸೀಸೆಯನ್ನು ಎತ್ತಿ ತೋರಿಸಿದರು. ದೋಣಿಯವನು ಬಗ್ಗಿ ಅದನ್ನು ಎಲ್ಲ ಮಗ್ಗುಲಿಂದ ಪರೀಕ್ಷಿಸಿದ. “ಇದು ಕೋಣದ ಯಾವ ಭಾಗ?”

“ಇದು ಔಷಧಿ ಕಣಪ್ಪಾ! ಕುಡಿಯೋದು!”

ಹಿಂದಿನಿಂದ ಮೊರ್ಜಿನಾಳ ದನಿ ಕೇಳಿತು: “ಔಷಧೀನಾ? ಅಯ್ಯೋ, ಈರುಳ್ಳಿ ಹೆಚ್ಚಿ, ಮಸಾಲೆ ಅರೆದಿಟ್ಟು ಓಡಿ ಬಂದಿದೀನಿ! ಅದನ್ನೀಗ ಯಾರ ತಲೆಗೆ ಹಚ್ಲಿ?”

“ಕೆರಾಮತ್ ತಲೆಗೇ ಹಚ್ಚು!”

“ನಿನ್ನೆ ಬದುಕಿರೋರನ್ನ ಸಾಯಿಸ್ದ. ಇವತ್ತು ಇಲ್ಲದ ಕೋಣಾನ ಹುಟ್ಟಿಸ್ದ!”

“ಪೆಟ್ಟಿಗೆ ಕೆಳಗೆ ನೋಡ್ರೋ, ಮಾಂಸ ಅಲ್ಲಿ ಬಚ್ಚಿಟ್ಟಿರ್ತಾರೆ, ಚೇರ್ಮನ್ನರ ಮನೇಗೆ!”

ಕೆರಾಮತ್ ಮಿಯಾ ಪೆಟ್ಟಿಗೆಯ ಮೇಲೆ ಬೋರಲು ಬಿದ್ದು ಎರಡೂ ಕೈಯಿಂದ ತಬ್ಬಿಕೊಂಡ. ಮಲಗಿದಲ್ಲಿಂದಲೇ ಕೂಗಿದ. ಔಷಧಿ ಎಂದು ಕೂಗಿದ, ಕೋಣವಿಲ್ಲ ಎಂದು ಕೂಗಿದ, ಕಾಲರಾ ಎಂದು ಕೂಗಿದ, ಅಲ್ಲಾಹುವಿನ ಹೆಸರೆತ್ತಿ ಕೂಗಿದ. ಖಾಲಿ ಪಾತ್ರೆಗಳು ಬಡಿದುಕೊಳ್ಳುವ ಸದ್ದಿನ ಮೇಲೆ ಏರಿ ಏರಿ ಕೂಗಿದ. ಕೂಗುತ್ತ ಕೂಗುತ್ತ ಎಲ್ಲೋ ಒಂದು ಕಡೆ, ಹಳೆಯ ಸೀರೆ ಹರಿದಂತೆ, ಗಂಟಲು ಹರಿಯಿತು. ಪೆಟ್ಟಿಗೆ ಉಳಿಯಿತು. ಕೊರಳು ಹೋಯಿತು.

ಗುರುವಾರ ಬೆಳಿಗ್ಗೆ ಅವನು ಬಾಯಿ ತೆರೆದರೆ ಬರೀ ಗಾಳಿ. ಡಾಕ್ಟರು ಟಾರ್ಚು ಬಿಟ್ಟು ನೋಡಿ, “ಒಂದು ವಾರ ಜೋರಾಗಿ ಮಾತಾಡಕೂಡದು,” ಎಂದರು. ಆಮೇಲೆ ಪೆಟ್ಟಿಗೆಯ ಕಡೆ ನೋಡಿ, “ಹೋಗ್ಲಿ ಬಿಡಿ ಚಾಚಾ. ಟುನೀನ ಕರ್ಕೊಂಡು ಬನ್ನಿ, ಅವಳಿಗಾದ್ರೂ ಹಾಕಿ ಪೆಟ್ಟಿಗೆ ಕಟ್ತೀನಿ,” ಎಂದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮೊಮ್ಮಗಳನ್ನು ಕರೆತರಲು ಹೊರಟವನು ದಾರಿಯಲ್ಲಿ ಗಂಟಲಿಗೆ ಶುಂಠಿ ಚಹಾ ಬಿದ್ದರೆ ಒಳ್ಳೆಯದೆಂದು ಮಂತಾಜನ ಅಂಗಡಿಗೆ ನುಗ್ಗಿದ. ಬೆಂಚಿನ ತುಂಬ ಜನ. ಅವನನ್ನು ಕಂಡೊಡನೆ ಯಾರೋ ‘ಅಂಬಾ’ ಎಂದು ಕೋಣದಂತೆ ಕೂಗಿದರು. ಕೆರಾಮತ್ ಮಿಯಾ ಮಂತಾಜನ ಕಿವಿಯ ಬಳಿ ಬಗ್ಗಿ, ಕೈ ಅಡ್ಡ ಹಿಡಿದು, ಪಿಸುಗುಟ್ಟಿದ: “ಶುಂಠಿ ಹಾಕಿ ಒಂದು ಚಹಾ.”

ಬೆಂಚಿನವರ ಕೈಯಲ್ಲಿದ್ದ ಲೋಟಗಳೆಲ್ಲ ಒಮ್ಮೆಲೇ ಕೆಳಗಿಳಿದವು.

“ಏನಂದ?” ಎಂದು ದರ್ಜಿ ನಿತಾಯಿ ಕತ್ತು ಚಾಚಿದ.

“ಚಹಾ ಅಂದ,” ಎಂದ ಮಂತಾಜ್.

“ಚಹಾ ಕೇಳೋಕೆ ಯಾರಾದ್ರೂ ಕಿವೀಲಿ ಹೇಳ್ತಾರಾ? ನಮ್ಮ ಹತ್ರ ಮುಚ್ಚಿಡ್ತೀಯಾ?” ನಿತಾಯಿ ಎದ್ದು ಬಂದು ಕೆರಾಮತ್ ಮಿಯಾನ ಪಕ್ಕ ಒತ್ತಿಕೊಂಡು ಕೂತ. “ಏನು ವಿಷಯ ಚಾಚಾ? ನಂಗೊಬ್ಬನಿಗೇ ಹೇಳು.”

ಯಾರಾದರೂ ತಾವಾಗಿ ಕೇಳಿ ಮೂರು ದಿನವಾಗಿತ್ತು. ಕೆರಾಮತ್ ಮಿಯಾ ಉಸಿರು ಕೂಡಿಸಿಕೊಂಡು, ಡಾಕ್ಟರಿಂದ ಕೇಳಿದ್ದನ್ನೆಲ್ಲ ಪಿಸುಗುಟ್ಟಿದ. “ನೀರು ಕುದಿಸಿ ಕುಡೀರಿ. ಕಾಲರಾ ಬರದಂಗೆ ಬಾಯಿಗೆ ಹಾಕೋ ಔಷಧಿ ಮೈದಾನದಲ್ಲಿದೆ. ಸಂಜೆ ಲಾಂಚಿಗೆ ವಾಪಸ್ ಹೋಗುತ್ತೆ.”

ನಿತಾಯಿ ಅತ್ತಿತ್ತ ನೋಡಿದ. “ವಾಪಸ್ಸಾ? ಯಾರು ಕಳಿಸ್ತಿರೋದು? ಎಲ್ಲಿಗೆ? ...ಬೇಡ, ಬಾಯಿ ಬಿಡಬೇಡ, ಅರ್ಥವಾಯ್ತು.”

“ಅಲ್ಲ, ನನ್ನ ಗಂಟಲು...” ಎಂದು ಕೆರಾಮತ್ ಮಿಯಾ ಶುರುಮಾಡಿದ.

“ಗಂಟಲು ಹೋದ್ರೂ ಹೇಳಲ್ಲ, ಆಣೆ!” ಎಂದು ನಿತಾಯಿ ತನ್ನ ಗಂಟಲನ್ನೇ ಮುಟ್ಟಿಕೊಂಡು, ಅರ್ಧ ಚಹಾ ಬಿಟ್ಟು, ಹಿಂಬಾಗಿಲಿನಿಂದ ಹೋದ. ಮಂತಾಜ್ ಹಾಲು ಉಕ್ಕುವುದನ್ನೂ ಲೆಕ್ಕಿಸದೆ ಅಂಗಡಿಯ ಬಾಗಿಲೆಳೆದ. ಬೆಂಚಿನವರಿಗೆಲ್ಲ ಏಕಕಾಲಕ್ಕೆ ಮನೆಯಲ್ಲಿ ಕೆಲಸ ನೆನಪಾಯಿತು.

ಅಲ್ಲಿಂದ ಮುಂದಿನದು ಗುಟ್ಟಿನ ಸಂಚಾರ. ಗಾಳಿಗೆ ಒಂದೇ ದಿಕ್ಕು, ನೀರಿಗೆ ಇಳಿಜಾರೇ ದಾರಿ. ಗುಟ್ಟಿಗೆ ಇವೆರಡೂ ಇಲ್ಲ. ಕೊಳದ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಮೊರ್ಜಿನಾಳಿಗೆ ದರ್ಜಿಯ ಹೆಂಡತಿ ಹೇಳಿದಳು: “ನಿಂಗೊಬ್ಬಳಿಗೇ ಹೇಳ್ತಿರೋದು ಕಣೇ. ನಿನ್ನ ಮಕ್ಕಳನ್ನ ನೋಡಿದ್ರೆ ನಂಗೆ ಕರುಳು ಚುರ್ ಅನ್ನುತ್ತೆ.”

“ಕೆರಾಮತ್ ಚಾಚಾ ಎರಡು ದಿನದಿಂದ ಕೂಗ್ತಾನೇ ಇದ್ನಲ್ಲ?”

“ಅಯ್ಯೋ ಪೆದ್ದಿ, ಕೂಗಿದ್ದು ಊರಿಗೆ. ಪಿಸುಗುಟ್ಟಿದ್ದು ಬೇಕಾದೋರಿಗೆ.”

ಮೊರ್ಜಿನಾ ಒಗೆಯುವ ಬಟ್ಟೆಯನ್ನು ನೀರಿನಲ್ಲೇ ಬಿಟ್ಟು ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

ಕೆರಾಮತ್ ಮಿಯಾ ಟುನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಬಂದು ನೋಡಿದರೆ, ಹೈಸ್ಕೂಲಿನ ಹಿಂಭಾಗದ ಗೋಡೆಯನ್ನು ಸುತ್ತಿ, ಬಿದಿರುಮೆಳೆಯೊಳಗೆ ಹೊಕ್ಕು, ಮತ್ತೆ ಹೊರಬಂದು ನಿಂತಿತ್ತು ಒಂದು ಸಾಲು. ಅಷ್ಟು ಉದ್ದದ ಸಾಲನ್ನು ಆ ಊರು ಕಂಡಿರಲಿಲ್ಲ. ಅಷ್ಟು ಮೌನದ ಸಾಲನ್ನಂತೂ ಈ ಲೋಕವೇ ಕಂಡಿರಲಾರದು. ಒಬ್ಬೊಬ್ಬರೂ ಉಳಿದೆಲ್ಲರಿಂದ ಅಡಗಿ ನಿಂತಿದ್ದರು. ಕೆಲವರು ಛತ್ರಿಯನ್ನು ಮುಖದವರೆಗೆ ಇಳಿಸಿದ್ದರು. ಕೆಲವರು ಹೆಗಲ ಗಮ್ಛಾವನ್ನು ತಲೆಯ ಮೇಲೆ ಹೊದ್ದಿದ್ದರು. ದೋಣಿಯವನು ಮೀನುಬುಟ್ಟಿಯನ್ನೇ ಕವುಚಿಕೊಂಡಿದ್ದ.

“ಏನ್ ನಿತಾಯಿ ದಾದಾ, ಇಲ್ಲಿ?” ಎಂದು ಬುಟ್ಟಿ ಕೇಳಿತು.

“ಏನಿಲ್ಲಪ್ಪ, ಹಸು ತಪ್ಪಿಸ್ಕೊಂಡಿದೆ, ಹುಡುಕ್ತಿದೀನಿ. ನೀನು?”

“ನಾನೂ ಹಸೂನೇ.”

“ನಿನ್ ಹತ್ರ ಹಸು ಎಲ್ಲಿದೆಯೋ?”

“ಅದ್ಕೇ ಹುಡುಕ್ತಿರೋದು.”

ಸಾಲಿನ ಕೊನೆಯಲ್ಲಿ ದೊಡ್ಡ ಕರಿ ಛತ್ರಿಯೊಂದರ ಕೆಳಗಿಂದ ದಪ್ಪ ದನಿಯೊಂದು ಡಾಕ್ಟರಿಗೆ ಹೇಳಿ ಕಳಿಸಿತು: “ಚೇರ್ಮನ್ನರು ಬಂದಿದ್ದಾರೆ ಅಂತ ಯಾರಿಗೂ ಗೊತ್ತಾಗ್ಬಾರ್ದು. ಬೇಗ ಆಗುತ್ತಾ?” ಆಗಲಿಲ್ಲ. ಮುಂದಿದ್ದ ಮುದುಕಿ ಜಾಗ ಬಿಡಲೊಲ್ಲಳು. ಬೆರಣಿಯ ಕೈಯನ್ನು ತೊಳೆದುಕೊಂಡು, ಸೇತುವೆಯಿಲ್ಲದೆಯೇ ಮೊಣಕಾಲು ನೀರು ದಾಟಿ ಬಂದಿದ್ದವಳು ಅವಳು.

ಡಾಕ್ಟರು ಏನೂ ಕೇಳಲಿಲ್ಲ. ಕೇಳಲು ಪುರುಸೊತ್ತಿರಲಿಲ್ಲ. ಸೀಸೆ ತೆರೆದರು, ಬಾಯಿಗೆ ಹಾಕಿದರು. ಸೀಸೆ ತೆರೆದರು, ಬಾಯಿಗೆ ಹಾಕಿದರು. ಪ್ರತಿಯೊಬ್ಬರೂ ನುಂಗಿ, ಮುಖ ಕಿವುಚಿ, “ಯಾರಿಗೂ ಹೇಳಲ್ಲ ಆಪಾ,” ಎಂದು ಭರವಸೆ ಕೊಟ್ಟು ಹೋದರು. ಮೊರ್ಜಿನಾಳ ಮಕ್ಕಳು ಒಂದರ ಹಿಂದೊಂದು ಹಕ್ಕಿಮರಿಗಳಂತೆ ಬಾಯಿ ತೆರೆದವು. ಅವುಗಳ ನಡುವೆ ಟುನಿಯೂ ತೆರೆದಳು. ಕೆರಾಮತ್ ಮಿಯಾ ಅದನ್ನು ನೋಡಿ ಒಂದು ಮಾತು ಹೇಳಬೇಕೆಂದುಕೊಂಡ. ಹೇಳಲು ಗಂಟಲಿರಲಿಲ್ಲವಾಗಿ ಆಕಾಶದ ಕಡೆ ನೋಡಿದ. ಅಲ್ಲಿಗೆ ಮೈಕು ಬೇಕಿರಲಿಲ್ಲ.

ಲಾಂಚಿನ ಸೀಟಿ ಕೇಳುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಕರಗಿದ ಐಸು ಮಾತ್ರ ಉಳಿದಿತ್ತು.

ಆಗ ಬಂದರು ಮೊಕ್ಲೆಸ್ ತಾಲುಕ್ದಾರರು, ಸುಟ್ಟ ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತ. ಅವರಿಗೆ ಯಾರೂ ಹೇಳಿರಲಿಲ್ಲ. ಅವರಿಗೆ ಹೇಳಿದರೆ ಊರಿಗೆಲ್ಲ ತಿಳಿದುಬಿಡುತ್ತದೆಂದು ಊರೆಲ್ಲ ಹೆದರಿತ್ತು. ಖಾಲಿ ಪೆಟ್ಟಿಗೆ ನೋಡಿ ಅವರ ಮೈ ಉರಿಯಿತು.

“ಇದೇನು ಅನ್ಯಾಯ! ಜನರ ಪ್ರಾಣದ ಪ್ರಶ್ನೆ! ಇಂಥ ವಿಷಯಾನ ಗುಟ್ಟಾಗಿ ಮಾಡೋದಾ? ಏ ಕೆರಾಮತ್, ಮೈಕು ಇಟ್ಕೊಂಡು ಏನ್ ಕಡೀತಿದ್ದೆ? ಊರಿಗೆ ಒಂದು ಮಾತು ಸಾರೋಕಾಗ್ಲಿಲ್ವಾ ನಿಂಗೆ?”

ಕೆರಾಮತ್ ಮಿಯಾ ಉತ್ತರ ಹೇಳಲು ಬಾಯಿ ತೆರೆದ. ಬಂದದ್ದು ಪಿಸುಮಾತಿನ ಬರೀ ಒಂದು ಎಳೆ.

ತಾಲುಕ್ದಾರರು ತಟ್ಟನೆ ಹತ್ತಿರ ಸರಿದರು. ಅತ್ತ ನೋಡಿದರು, ಇತ್ತ ನೋಡಿದರು. ಅವನ ತೋಳು ಹಿಡಿದು ಬಿದಿರುಮೆಳೆಯ ಹಿಂದಕ್ಕೆ ಎಳೆದುಕೊಂಡು ಹೋಗಿ, ಕಿವಿಯನ್ನು ಅವನ ಬಾಯಿಗೆ ಹಚ್ಚಿ, ಮಗುವಿನಂತೆ ಕೇಳಿದರು. “ಇನ್ನೂ ಏನಾದ್ರೂ ಇದೆಯೇನೋ ಭಾಯಿ? ನನ್ನಾಣೆ, ನಂಗೊಬ್ಬನಿಗೇ ಹೇಳು.”

“ನೀರು,” ಎಂದ ಕೆರಾಮತ್ ಮಿಯಾ, ಉಸಿರು ಕಟ್ಟಿ. “ಕುದಿಸಿ ಕುಡೀರಿ.”

ಆ ಸಂಜೆ ತಾಲುಕ್ದಾರರ ಮನೆಯಲ್ಲಿ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಆವಿ ಹೊರಗೆ ಹೋಗದಂತೆ ಸಂದಿಗೆ ಬಟ್ಟೆ ತುರುಕಿ, ನೀರು ಕುದಿಸಿದರಂತೆ. ಊರಿನವರು ಯಾರಿಗೂ ಅದು ಗೊತ್ತಾಗಲಿಲ್ಲ. ತಮ್ಮ ತಮ್ಮ ಬಾಗಿಲು ಹಾಕಿಕೊಂಡು ಅವರೆಲ್ಲ ಅದೇ ಕೆಲಸದಲ್ಲಿದ್ದರು.